ಎರಡನೇ ಕ್ಲಾರಿನೆಟ್‌ನ ಕುರ್ಚಿ

ಜರ್ಮನಿಯ ಯಾವುದೇ ಊರಿನ ಆರ್ಕೆಸ್ಟ್ರಾದಲ್ಲಿ ಕ್ಲಾರಿನೆಟ್‌ನವರ ಕುರ್ಚಿಯೊಂದು ಖಾಲಿಯಾಗಲಿ, ಅರ್ಜಿ ಹಾಕಿದವರೆಲ್ಲ ಮೊದಲು ನುಡಿಸಬೇಕಾದದ್ದು ಒಂದೇ ಕೃತಿ: ಮೊಜಾರ್ಟ್‌ನ ಕ್ಲಾರಿನೆಟ್ ಕನ್ಸರ್ಟೊ, ಕೆ. 622. ಅದೂ ಪೂರ್ತಿಯಲ್ಲ. ಮೊದಲ ಭಾಗದ ಆರಂಭ, ಕೇಳುವವರಿಗೆ ಮನಸ್ಸು ಬಂದರೆ ನಿಧಾನಗತಿಯ ಎರಡನೇ ಭಾಗದಿಂದ ಒಂದಿಷ್ಟು. ಆರ್ಕೆಸ್ಟ್ರಾ ಜೊತೆಗೆ ನುಡಿಸುವಾಗ ಕ್ಲಾರಿನೆಟ್ ಬಾಯಿ ತೆರೆಯುವುದು 57ನೇ ಆವರ್ತದಲ್ಲಿ, ಇಲ್ಲಿನವರ ಮಾತಿನಲ್ಲಿ 57ನೇ ಬಾರ್‌ನಲ್ಲಿ. ಅಷ್ಟು ಹೊತ್ತು ನಿಂತು ಉಸಿರು ಸರಿಮಾಡಿಕೊಳ್ಳಬಹುದು. ಆಡಿಷನ್‌ನಲ್ಲಿ ಆ ಪುಣ್ಯವಿಲ್ಲ. ಪಿಯಾನೋದವರು ನಾಲ್ಕು ಬಾರ್ ನುಡಿಸುತ್ತಿದ್ದಂತೆ ನಾವು ಶುರು ಮಾಡಬೇಕು. ಒಂದೆರಡು ನಿಮಿಷವಾದ ಮೇಲೆ ನಮ್ಮ ಮುಖ ಕಾಣದಂತೆ ಕಟ್ಟಿದ ಪರದೆಯ ಆಚೆಯಿಂದ ‘ಡಾಂಕೆ’ (ಧನ್ಯವಾದ) ಅನ್ನುವ ದನಿ ಬರುತ್ತದೆ. ಅಷ್ಟೇ, ಹೊರಡಬಹುದು. ಆ ಒಂದೆರಡು ನಿಮಿಷಕ್ಕಾಗಿ ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದಿರುತ್ತೇವೆ.

ಊರಿಗೆ ಹೋದಾಗ ಜನ ಕೇಳುವುದು ಟೋಕಿಯೋ, ವಿಯೆನ್ನಾದ ಸುದ್ದಿ. ಈ ಪರದೆಯ ವಿಷಯ ಯಾರೂ ಕೇಳುವುದಿಲ್ಲ. ನನ್ನ ವೃತ್ತಿ ನಿಂತಿರುವುದು ಅದರ ಮೇಲೆಯೇ ಆದ್ದರಿಂದ ಅದನ್ನೇ ಬರೆಯುತ್ತಿದ್ದೇನೆ.

ನಾನು ಮೈಸೂರಿನವನು. ಸೋದರಮಾವ ಪೊಲೀಸ್ ಬ್ಯಾಂಡಿನಲ್ಲಿದ್ದರು. ಅರಮನೆಯ ಕಾಲದಿಂದ ಬಂದ ಎರಡು ಬ್ಯಾಂಡುಗಳು, ಕರ್ನಾಟಿಕ್ ಬ್ಯಾಂಡ್ ಮತ್ತು ಇಂಗ್ಲಿಷ್ ಬ್ಯಾಂಡ್, ಈಗ ಪೊಲೀಸ್ ಇಲಾಖೆಯಲ್ಲಿವೆ. ದಸರಾ ನೋಡಿದವರಿಗೆಲ್ಲ ಗೊತ್ತು. ಮಾವ ಕರ್ನಾಟಿಕ್ ಬ್ಯಾಂಡಿನವರು. ತೂತುಗಳನ್ನು ಅರ್ಧ ಮುಚ್ಚಿ, ಅರ್ಧ ಬಿಟ್ಟು ಅವರು ಎಳೆಯುತ್ತಿದ್ದ ಗಮಕ ಕೇಳಿ ನಾನು ಆ ವಾದ್ಯಕ್ಕೆ ಮರುಳಾದೆ. ತಿರುಚಿಯ ಎ.ಕೆ.ಸಿ. ನಟರಾಜನ್ ಕರ್ನಾಟಕ ಸಂಗೀತವನ್ನೂ ನಮ್ಮ ರಾಯಚೂರಿನ ಪಂಡಿತ ನರಸಿಂಹಲು ವಡವಾಟಿ ಹಿಂದುಸ್ತಾನಿಯನ್ನೂ ಈ ವಾದ್ಯದಲ್ಲಿ ನುಡಿಸಿ ಹೆಸರಾದವರು. ನಾನೂ ಆ ದಾರಿಯಲ್ಲೇ ಹೋಗುತ್ತಿದ್ದೆನೋ ಏನೋ. ಆದರೆ ಇಂಗ್ಲಿಷ್ ಬ್ಯಾಂಡಿನ ಅಭ್ಯಾಸದ ಕೋಣೆ ಪಕ್ಕದಲ್ಲೇ ಇತ್ತು. ಅಲ್ಲಿ ನಾಲ್ಕು ಜನ ನಾಲ್ಕು ಬೇರೆ ಬೇರೆ ಸಾಲು ನುಡಿಸಿ ಒಂದೇ ಸಂಗೀತ ಆಗುತ್ತಿದ್ದುದು ನನಗೆ ಮಾಯದಂತೆ ಕಾಣುತ್ತಿತ್ತು.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೂ ಮೈಸೂರಿಗೂ ಏನು ಸಂಬಂಧ ಎಂದು ಹುಬ್ಬೇರಿಸುವವರಿಗೆ ಒಂದು ಮಾತು. ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿ ಕೇಳಿಸಿದಾಗ ಅದರ ಹಿಂದೆ ಇದ್ದದ್ದು ಅವರ ಹಣ. ಜರ್ಮನ್ ಸಹವಾದ್ಯಗಾರರಿಗೆ ಇದನ್ನು ಹೇಳಿ ಒಂದಿಷ್ಟು ಜಂಬ ಕೊಚ್ಚಿಕೊಳ್ಳುವ ಅಭ್ಯಾಸ ನನಗಿದೆ.

ಮೈಸೂರು, ಆಮೇಲೆ ಬೆಂಗಳೂರು. ಲಂಡನ್ನಿನ ಟ್ರಿನಿಟಿ ಸಂಗೀತ ಪರೀಕ್ಷೆಯ ಎಂಟನೇ ಗ್ರೇಡ್ ಮುಗಿಯಿತು. ಮುಂದೇನು? ಭಾರತದಲ್ಲಿ ವೃತ್ತಿಪರ ಆರ್ಕೆಸ್ಟ್ರಾ ಅಂತ ಹೇಳಲು ಇರುವುದು ಮುಂಬೈನಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಜರ್ಮನಿಯಲ್ಲಿ ಸರ್ಕಾರದ ಹಣದಿಂದ ನಡೆಯುವ ಆರ್ಕೆಸ್ಟ್ರಾಗಳು ಎರಡು ಜರ್ಮನಿ ಒಂದಾದ ಮೇಲೆ, 1992ರಲ್ಲಿ, 168 ಇದ್ದವು. ಅವೇ ಕಡಿಮೆಯಾಗುತ್ತಾ 130ರ ಆಸುಪಾಸಿಗೆ ಬಂದಿವೆ. ಆದರೂ ಒಂದೇ ದೇಶದಲ್ಲಿ ಅಷ್ಟು! ಜೊತೆಗೆ 24 ಸರ್ಕಾರಿ ಸಂಗೀತ ವಿದ್ಯಾಲಯಗಳು, ಹೆಚ್ಚಿನ ಕಡೆ ಬೋಧನಾ ಶುಲ್ಕವೇ ಇಲ್ಲ. ಶುಲ್ಕವಿರುವ ಕಡೆಗಳಲ್ಲಿ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಒಂದು, ಅದು 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಅಪ್ಪ ಲೆಕ್ಕ ಹಾಕಿದರು. ಶುಲ್ಕವಿಲ್ಲದಿದ್ದರೂ ವೀಸಾಕ್ಕೆ ಒಂದು ವರ್ಷದ ಊಟ-ವಸತಿಯ ಹಣವನ್ನು ಮೊದಲೇ ಬ್ಯಾಂಕಿನಲ್ಲಿ ಕಟ್ಟಿಡಬೇಕು. ಈಗ ಅದು 11,904 ಯೂರೋ. ನಾನು ಹೋದಾಗ ಇದಕ್ಕಿಂತ ಕಡಿಮೆ ಇತ್ತು. ಕಡಿಮೆಯಾದರೂ ಅಮ್ಮನ ಬಳೆ ಹೋಯಿತು.

ಪ್ರವೇಶ ಪರೀಕ್ಷೆಯ ಬಗ್ಗೆ ಹೇಳುವಂಥದ್ದೇನಿಲ್ಲ. ವೇಬರ್ ಬರೆದ ಕೃತಿಯೊಂದನ್ನು ನುಡಿಸಿದೆ, ತೆಗೆದುಕೊಂಡರು. ನಿಜವಾದ ಕಥೆ ಶುರುವಾದದ್ದು ಮೊದಲ ಪಾಠದಲ್ಲಿ. ಪ್ರೊಫೆಸರ್ ನನ್ನ ವಾದ್ಯವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಇದು ಚೆನ್ನಾಗಿದೆ. ಆದರೆ ಇದನ್ನು ಹಿಡಿದುಕೊಂಡು ನಿನಗೆ ಈ ದೇಶದಲ್ಲಿ ಕೆಲಸ ಸಿಗುವುದಿಲ್ಲ” ಅಂದರು.

ನನ್ನದು ಬೋಮ್ ಪದ್ಧತಿಯದು. 1840ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಕ್ಲೋಸೆ ಮತ್ತು ಬುಫೆ ಸೇರಿ ರೂಪಿಸಿದ ಈ ಕ್ಲಾರಿನೆಟ್ಟನ್ನೇ ಜಗತ್ತಿನ ಬಹುಪಾಲು ಜನ ನುಡಿಸುತ್ತಾರೆ. ಜರ್ಮನಿ, ಆಸ್ಟ್ರಿಯಾದವರು ಮಾತ್ರ ತಮ್ಮದೇ ಹಿಡಿದು ಕೂತಿದ್ದಾರೆ. ಬರ್ಲಿನ್ನಿನ ಆಸ್ಕರ್ ಓಯ್ಲರ್ ಹೆಸರಿನ ಪದ್ಧತಿ ಜರ್ಮನಿಯಲ್ಲಿ, ಅದರ ಹತ್ತಿರದ ನೆಂಟ ವಿಯೆನ್ನಾದಲ್ಲಿ. ಒಳಗಿನ ಕೊಳವೆಯ ಆಕಾರ ಬೇರೆ, ಬಾಯಿಗಿಡುವ ಮೌತ್‌ಪೀಸ್ ಬೇರೆ, ಊದಿದಾಗ ನಡುಗಿ ನಾದ ಹುಟ್ಟಿಸುವ ರೀಡ್ ಬೇರೆ. ರೀಡನ್ನು ಲೋಹದ ಪಟ್ಟಿಯಿಂದ ಬಿಗಿಯುವ ಬದಲು ಹಲವರು ಇಂದಿಗೂ ದಾರ ಸುತ್ತಿ ಕಟ್ಟುತ್ತಾರೆ. ಬೋಮ್‌ನಲ್ಲಿ ಕೆಲವು ಸ್ವರಗಳನ್ನು ಎಡ, ಬಲ ಯಾವ ಕಿರುಬೆರಳಿನಿಂದ ಬೇಕಾದರೂ ಹಿಡಿಯಬಹುದು. ಓಯ್ಲರ್‌ನಲ್ಲಿ ಆ ಸೌಕರ್ಯ ಇಲ್ಲ. ಕಿರುಬೆರಳು ಒಂದು ಕೀಲಿಯಿಂದ ಇನ್ನೊಂದಕ್ಕೆ ಜಾರಬೇಕು, ಜಾರಲೆಂದೇ ಕೀಲಿಯ ಅಂಚಿನಲ್ಲಿ ಪುಟ್ಟ ಉರುಳೆಗಳಿರುತ್ತವೆ. ಹೊಸ ವಾದ್ಯದ ಮಾತು ಬಿಡಿ. ನೊಯ್‌ಸ್ಟಾಟ್ ಆನ್ ಡೆರ್ ಐಶ್, ಬಾಂಬರ್ಗ್‌ನಂಥ ಊರುಗಳ ಕುಶಲಕರ್ಮಿಗಳು ಕೈಯಲ್ಲಿ ಮಾಡುವ ವಾದ್ಯಗಳವು, ಹೆಸರಾಂತವರ ಹತ್ತಿರ ವರ್ಷಗಟ್ಟಲೆ ಸರದಿ. ವಿದ್ಯಾಲಯದವರು ಹಳೆಯದೊಂದು ಜೋಡಿಯನ್ನು ಎರವಲು ಕೊಟ್ಟರು. ಜೋಡಿ ಏಕೆಂದರೆ ಆರ್ಕೆಸ್ಟ್ರಾದವನಿಗೆ ಬಿ ಫ್ಲ್ಯಾಟ್ ಶ್ರುತಿಯದೊಂದು, ಎ ಶ್ರುತಿಯದೊಂದು, ಎರಡೂ ಬೇಕು. ಮೊಜಾರ್ಟ್‌ಗೆ ಬೇಕಾದದ್ದು ಎ.

ಮಾವನಿಗೆ ವಿಡಿಯೋ ಕರೆಯಲ್ಲಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು.

“ಅಲ್ವೋ, ಇದು ನಮ್ಮ ಬ್ಯಾಂಡಿನ ಕ್ಲಾರಿಯೋನೆಟ್ ಇದ್ದಂಗಿದೆಯಲ್ಲೋ! ಇದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ?”

ಅವರು ಹೇಳಿದ್ದು ತಮಾಷೆಗಲ್ಲ, ನಿಜವೇ. ನಮ್ಮ ಬ್ಯಾಂಡಿನವರು, ಕರ್ನಾಟಕ ಸಂಗೀತ ನುಡಿಸುವವರು ಬಳಸುವ ಹಳೆಯ ಆಲ್ಬರ್ಟ್ ಪದ್ಧತಿ ಮತ್ತು ಈ ಜರ್ಮನ್ ಪದ್ಧತಿ ಎರಡೂ ಇವಾನ್ ಮುಲ್ಲರ್ 1812ರ ಸುಮಾರಿಗೆ ತಂದ ಹದಿಮೂರು ಕೀಲಿಯ ಕ್ಲಾರಿನೆಟ್‌ನ ವಂಶದವು. ನಾನು ಬೆಂಗಳೂರಿನಲ್ಲಿ ಕಷ್ಟಪಟ್ಟು ಬಿಟ್ಟಿದ್ದ ಎಷ್ಟೋ ಬೆರಳಿನ ಹಿಡಿತಗಳನ್ನು ಮತ್ತೆ ಹುಡುಕಿ ತರಬೇಕಾಯಿತು. ಬೆರಳಿಗೆ ನೆನಪಿತ್ತು. ಹಾಗಾಗಿ ಬೇರೆ ವಿದೇಶಿ ಹುಡುಗರಿಗೆ ಹಿಡಿದಷ್ಟು ಕಾಲ ನನಗೆ ಹಿಡಿಯಲಿಲ್ಲ. ಆದರೆ ಗಮಕದ ಚಪಲ ಪೂರ್ತಿ ಬಿಡಬೇಕಾಯಿತು. ಜರ್ಮನ್ ಕ್ಲಾರಿನೆಟ್‌ನಲ್ಲಿ ನಾದ ಅಲುಗುವಂತಿಲ್ಲ. ಒಬೋ, ಕೊಳಲಿನವರು ನಾದವನ್ನು ನಡುಗಿಸಿ ಸಿಂಗರಿಸುತ್ತಾರೆ. ನಾವು ಗೆರೆ ಎಳೆದಂತೆ ನೇರ. ಮೊದಲ ಸೆಮಿಸ್ಟರ್ ಬಹುಪಾಲು ಉದ್ದ ಸ್ವರಗಳಲ್ಲೇ ಕಳೆಯಿತು. ಶ್ರುತಿಯೂ ಬೇರೆ: ನಾನು ಕಲಿತದ್ದು 440 ಹರ್ಟ್ಸ್‌ನಲ್ಲಿ, ಅಲ್ಲಿ 443.

“ನಿನ್ನ ಬೆರಳು ಬಹಳ ಚುರುಕು” ಎಂದು ಒಂದು ದಿನ ಪ್ರೊಫೆಸರ್ ಅಂದಾಗ ಹಿಗ್ಗಿದೆ. “ಚುರುಕು ಬೆರಳಿನವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ” ಎಂದು ಮಾತು ಮುಗಿಸಿದರು.

ರೀಡ್ ವಿಷಯ ಹೇಳದಿದ್ದರೆ ಕ್ಲಾರಿನೆಟ್‌ನವರ ಬದುಕಿನ ಅರ್ಧ ಹೇಳಿದಂತಾಗುವುದಿಲ್ಲ. ರೀಡ್ ಅಂದರೆ ಬಿದಿರಿನಂಥ ಒಂದು ಬಗೆಯ ಜೊಂಡು, ಅರುಂಡೊ ಡೋನಾಕ್ಸ್. ಫ್ರಾನ್ಸಿನ ದಕ್ಷಿಣ ಕರಾವಳಿಯ ವಾರ್ ಪ್ರದೇಶದ್ದು ಪ್ರಸಿದ್ಧ. ಹತ್ತು ರೀಡಿನ ಪೆಟ್ಟಿಗೆ ತಂದರೆ ಕಛೇರಿಗೆ ಆಗುವಂಥವು ಎರಡೋ ಮೂರೋ. ಯಾವುದು ಒಳ್ಳೆಯದೆಂದು ಹೊರಗಿಂದ ಹೇಳುವುದು ಹಲಸಿನ ಹಣ್ಣು ತಟ್ಟಿ ನೋಡಿದಂತೆ, ಅನುಭವಸ್ಥರೂ ಮೋಸ ಹೋಗುತ್ತಾರೆ. ಹೊಸದನ್ನು ದಿನಕ್ಕೆ ಐದು ನಿಮಿಷ ನುಡಿಸಿ ಪಳಗಿಸಬೇಕು. ದಪ್ಪವಿದ್ದ ಕಡೆ ಚಾಕುವಿನಿಂದಲೋ, ಒಣಗಿದ ಕುದುರೆಬಾಲದ ಹುಲ್ಲಿನಿಂದಲೋ ಉಜ್ಜಬೇಕು. ಮೈಸೂರಿನ ಹವೆಯಲ್ಲಿ ಹಾಡುತ್ತಿದ್ದ ರೀಡು ಜರ್ಮನಿಯ ಜನವರಿಯಲ್ಲಿ, ಹೀಟರ್ ಉರಿಯುವ ಕೋಣೆಯಲ್ಲಿ, ಒಣಗಿ ಸೆಟೆದುಕೊಳ್ಳುತ್ತದೆ. ವಾದ್ಯದ ಮೈಯೂ ಅಷ್ಟೇ. ಅದು ಟಾಂಜಾನಿಯಾ, ಮೊಜಾಂಬಿಕ್ ಕಡೆಯ ಕಪ್ಪು ಮರ, ನಮ್ಮ ಬೀಟೆಯ ಕುಲದ್ದೇ. ಚಳಿಯಲ್ಲಿ ಹೊರಗಿಂದ ತಂದು ತಟ್ಟನೆ ಬಿಸಿಯುಸಿರು ಊದಿದರೆ ಮೇಲಿನ ತುಂಡು ಬಿರುಕು ಬಿಡುತ್ತದೆ. ಅದಕ್ಕೇ ಚಳಿಗಾಲದಲ್ಲಿ ನಮ್ಮವರು ಕೋಟಿನೊಳಗೆ ಕೈಯಿಟ್ಟು ನಿಂತಿರುವುದು ಕಂಡರೆ, ಕಂಕುಳಲ್ಲಿ ಕ್ಲಾರಿನೆಟ್ ಬೆಚ್ಚಗಾಗುತ್ತಿದೆ ಎಂದು ತಿಳಿಯಿರಿ.

ಓದು ಮುಗಿಯುವ ಮೊದಲೇ ಅರ್ಜಿ ಹಾಕಲು ಶುರು. ಒಂದು ಕುರ್ಚಿಗೆ ನೂರಾರು ಅರ್ಜಿ ಬರುವುದು ಮಾಮೂಲು. ಬಹಳಷ್ಟು ಸಲ ಆಹ್ವಾನವೇ ಬರುವುದಿಲ್ಲ, ಬಂದರೆ ಅದೇ ಹಬ್ಬ. ಖರ್ಚು ನಮ್ಮದೇ. ಹೋದ ಕೂಡಲೇ ಚೀಟಿ ಎತ್ತಿ ಸರದಿಯ ಸಂಖ್ಯೆ ತೆಗೆದುಕೊಳ್ಳಬೇಕು. ಅಲ್ಲಿಂದ ನಾವು ಹೆಸರಿಲ್ಲದವರು. ಅಭ್ಯಾಸಕ್ಕೆ ಒಂದೇ ಕೋಣೆ ಸಿಕ್ಕಿತೋ, ಇಪ್ಪತ್ತು ಜನ ಇಪ್ಪತ್ತು ಗತಿಯಲ್ಲಿ ಅದೇ ಮೊಜಾರ್ಟ್ ಊದುತ್ತಿರುತ್ತಾರೆ. ಪಾಪ ಮೊಜಾರ್ಟ್, 1791ರ ಅಕ್ಟೋಬರ್‌ನಲ್ಲಿ ಹೆಂಡತಿಗೆ ಕಾಗದ ಬರೆದು, ಕಪ್ಪು ಕಾಫಿ ತರಿಸಿ ಕುಡಿದೆ, ಪೈಪ್ ಸೇದಿದೆ, ಆಮೇಲೆ ಸ್ಟಾಡ್ಲರ್‌ನ ರೊಂಡೊವನ್ನು (ಈ ಕನ್ಸರ್ಟೊ ಯಾರಿಗಾಗಿ ಬರೆದನೋ ಆ ವಾದಕ ಸ್ಟಾಡ್ಲರ್, ರೊಂಡೊ ಅದರ ಕೊನೆಯ ಭಾಗ) ಹೆಚ್ಚುಕಡಿಮೆ ಪೂರ್ತಿ ಆರ್ಕೆಸ್ಟ್ರಾಕ್ಕೆ ಬರೆದೆ ಅಂದಿದ್ದಾನೆ. ಎರಡು ತಿಂಗಳಲ್ಲಿ ತೀರಿಕೊಂಡ. ಸ್ಟಾಡ್ಲರ್‌ನ ಕ್ಲಾರಿನೆಟ್ ನಮ್ಮದಕ್ಕಿಂತ ಕೆಳಗಿನ ಸ್ವರಗಳಿಗೆ ಇಳಿಯುತ್ತಿತ್ತು. ಮೊಜಾರ್ಟ್ ಕೈಬರಹದ ಪ್ರತಿಯೂ ಕಳೆದುಹೋಗಿದೆ. ಅಂದರೆ ಇಡೀ ಜರ್ಮನಿ ನೌಕರಿ ಕೊಡಲು ಅಳತೆಗೋಲಾಗಿ ಇಟ್ಟುಕೊಂಡಿರುವುದು ಬೇರೆಯವರು ಸಾಮಾನ್ಯ ವಾದ್ಯಕ್ಕೆ ಹೊಂದಿಸಿದ ಪಾಠ!

ಪರದೆಯ ಆಚೆ ಕೂರುವವರು ಯಾರು ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಹೊರಗಿನ ತೀರ್ಪುಗಾರರಲ್ಲ. ಆರ್ಕೆಸ್ಟ್ರಾದವರೇ: ಪಿಟೀಲಿನವರು, ಹಾರ್ನ್‌ನವರು, ಮೃದಂಗದ ದೊಡ್ಡಣ್ಣನಂಥ ಟಿಂಪನಿಯವರು. ಎಲ್ಲರಿಗೂ ಮತವಿದೆ, ಕ್ಲಾರಿನೆಟ್ ಗುಂಪಿನ ಮಾತಿಗೆ ತೂಕ ಹೆಚ್ಚು. ಅವರಿಗೆ ಬೇಕಾದದ್ದು ಮೆಚ್ಚಿ ಚಪ್ಪಾಳೆ ತಟ್ಟುವಂಥವನಲ್ಲ, ಮುಂದಿನ ಮೂವತ್ತು ವರ್ಷ ಪಕ್ಕದಲ್ಲಿ ಕೂರಿಸಿಕೊಳ್ಳುವಂಥವನು. ಇದು ತಲೆಗೆ ಹೋಗುವವರೆಗೆ ನಾನು ಮೊಜಾರ್ಟ್ ಅನ್ನು ಸ್ಪರ್ಧೆಯಲ್ಲಿ ನುಡಿಸುವಂತೆ ನುಡಿಸುತ್ತಿದ್ದೆ. ಎರಡನೇ ಸುತ್ತಿಗೆ ಹೋಗುತ್ತಿದ್ದೆ, ಮನೆಗೆ ಬರುತ್ತಿದ್ದೆ. ಎಷ್ಟೋ ಕಡೆ ಕೊನೆಗೆ ಯಾರನ್ನೂ ಆರಿಸದೆ ಎದ್ದುಬಿಡುತ್ತಾರೆ. ಇಡೀ ದಿನ ಕೇಳಿ ಒಬ್ಬರೂ ಬೇಡವೆಂದರೆ ಹೊಟ್ಟೆ ಉರಿಯುವುದಿಲ್ಲವೇ! ಒಂದೂರಿನಲ್ಲಿ ಕೊನೆಯ ಸುತ್ತಿಗೆ ಪರದೆ ತೆಗೆದ ಮೇಲೆ, ನೀವು ಜರ್ಮನಿಯಲ್ಲಿ ಎಷ್ಟು ಕಾಲ ಇರುವವರು ಎಂದು ಯಾರೋ ಕೇಳಿದರು. ಜೊತೆಗಿದ್ದ ಜರ್ಮನ್ ಹುಡುಗನಿಗೆ ಆ ಪ್ರಶ್ನೆ ಬರಲಿಲ್ಲ. ಪರದೆಯನ್ನು ಕೊನೆಯವರೆಗೂ ಇಡಬೇಕೆಂದು ನಾನು ವಾದಿಸುವುದು ಅಂದಿನಿಂದ.

ಮೊಜಾರ್ಟ್ ದಾಟಿದವರಿಗೆ ಆರ್ಕೆಸ್ಟ್ರಾ ತುಣುಕುಗಳು. ಪಟ್ಟಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಬೀಥೋವನ್‌ನ ಆರನೇ ಸಿಂಫನಿ, ಎಂಟನೆಯದರಲ್ಲಿ ಹಾರ್ನ್‌ಗಳ ಜೊತೆ ಬಂದು ತುತ್ತತುದಿಯ ಸ್ವರದಲ್ಲಿ ಮುಗಿಯುವ ಭಾಗ, ನಾಲಿಗೆಯನ್ನು ಹಣ್ಣು ಮಾಡುವ ಮೆಂಡೆಲ್ಸನ್‌ನ ಸ್ಕೆರ್ಜೊ, ಕೊಡಾಯ್‌ನ ಗಲಾಂಟಾ ನೃತ್ಯಗಳು. ಒಪೆರಾ ಇರುವ ಊರಾದರೆ ‘ಟೋಸ್ಕಾ’ದ ಮೂರನೇ ಅಂಕದ ಸೋಲೊ ತಪ್ಪುವುದಿಲ್ಲ. ಅದು ಮರಣದಂಡನೆಗೆ ಕಾದವನ ಹಾಡಿನ ಮೊದಲಿಗೆ ಬರುತ್ತದೆ. ಸರದಿಗೆ ಕಾದವನಿಗೆ ಭಾವ ತರಲು ಕಷ್ಟವಾಗುವುದಿಲ್ಲ.

ನನಗೆ ಕೆಲಸ ಕೊಡಿಸಿದ್ದು ಇವು ಯಾವುವೂ ಅಲ್ಲ. ಅದು ಒಪೆರಾ ಮನೆಯೊಂದರ ಎರಡನೇ ಕ್ಲಾರಿನೆಟ್ ಕುರ್ಚಿ, ಬೇಕಾದಾಗ ಬಾಸ್ ಕ್ಲಾರಿನೆಟ್ಟನ್ನೂ ನುಡಿಸಬೇಕು. ಕೊನೆಯ ಸುತ್ತಿನಲ್ಲಿ ಅಲ್ಲಿನ ಮೊದಲ ಕ್ಲಾರಿನೆಟ್‌ನವರು ಎದ್ದು ಬಂದು ನನ್ನ ಪಕ್ಕ ಕೂತರು. ಸ್ಟ್ಯಾಂಡಿನ ಮೇಲೆ ಚೈಕೋವ್‌ಸ್ಕಿಯ ಐದನೇ ಸಿಂಫನಿಯ ಆರಂಭ. ಅದರಲ್ಲಿ ಎರಡು ಕ್ಲಾರಿನೆಟ್‌ಗಳು ತೀರಾ ಕೆಳಗಿನ ಸ್ಥಾಯಿಯಲ್ಲಿ ಒಂದೇ ಸ್ವರಸಾಲನ್ನು ಒಟ್ಟಿಗೆ ನುಡಿಸುತ್ತವೆ. ಕಷ್ಟದ ಬೆರಳಾಟ ಒಂದೂ ಇಲ್ಲ, ನಮ್ಮ ಬ್ಯಾಂಡಿನ ಹುಡುಗರೂ ಮೊದಲ ನೋಟದಲ್ಲಿ ಓದಿಬಿಡುತ್ತಾರೆ. ಆದರೆ ಎರಡು ವಾದ್ಯ ಎಂದು ಕೇಳುವವರಿಗೆ ಗೊತ್ತಾಗಬಾರದು. ಅವರು ಉಸಿರು ತೆಗೆದದ್ದು ಭುಜದಲ್ಲಿ ಕಂಡಿತು, ನಾನೂ ತೆಗೆದೆ. ನನ್ನ ನಾದವನ್ನು ಅವರ ನಾದದ ಒಳಗೆ ಇಟ್ಟೆ; ಅವರು ಸ್ವಲ್ಪ ಕೆಳಗಿದ್ದರು, ಶ್ರುತಿಯಂತ್ರ ಹೇಳುವುದನ್ನು ಬಿಟ್ಟು ನಾನೂ ಅಲ್ಲಿಗಿಳಿದೆ. ಮತ್ತೊಮ್ಮೆ ನುಡಿಸೋಣ ಅಂದರು. ಈ ಸಲ ಬೇಕೆಂದೇ ಗತಿ ಬದಲಿಸಿದರು, ನಾನು ಹಿಂದೆಯೇ ಹೋದೆ. ದಸರೆಯಲ್ಲಿ ಜಂಬೂಸವಾರಿ ನಡೆಯುವಾಗ ಬ್ಯಾಂಡಿನವರು ಹೆಜ್ಜೆ ಹಾಕುತ್ತಾ ಒಬ್ಬರ ಉಸಿರಿಗೆ ಒಬ್ಬರು ಕಾಯುತ್ತಿದ್ದುದನ್ನು ಚಿಕ್ಕಂದಿನಿಂದ ನೋಡಿದ್ದೆ. ಯಾವ ವಿದ್ಯಾಲಯದಲ್ಲೂ ಅದಕ್ಕೆ ಅಂಕವಿಲ್ಲ.

ಸಂಖ್ಯೆ ಕೂಗಿದರು, ನನ್ನದೇ. ಆದರೆ ನೌಕರಿ ಸಿಕ್ಕಿತು ಅಂತಲ್ಲ. ಇನ್ನು ಪರೀಕ್ಷಾ ವರ್ಷ. ಅದರ ಕೊನೆಗೆ ಇಡೀ ಆರ್ಕೆಸ್ಟ್ರಾ ಮತ್ತೆ ಮತ ಹಾಕುತ್ತದೆ. ಆ ಮತದ ಬಲ ಎಂಥದ್ದೆಂದರೆ, ಬರ್ಲಿನ್ ಫಿಲ್ಹಾರ್ಮೋನಿಕ್‌ನಲ್ಲಿ ಅದರ ಮುಖ್ಯ ಸಂಗೀತ ನಿರ್ದೇಶಕ ಕಾರಾಯಾನ್‌ನಂಥ ಕಾರಾಯಾನ್‌ ಸಾಬೀನೆ ಮೇಯರ್ ಎಂಬ ಇಪ್ಪತ್ತಮೂರರ ಕ್ಲಾರಿನೆಟ್ ವಾದಕಿ ಬೇಕೇ ಬೇಕೆಂದು ಹಟ ಹಿಡಿದಾಗಲೂ ಆರ್ಕೆಸ್ಟ್ರಾದವರು 73ಕ್ಕೆ 4 ಮತಗಳಿಂದ ಬೇಡವೆಂದರು. ಆಕೆಯ ನಾದ ಉಳಿದವರೊಂದಿಗೆ ಬೆರೆಯುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಹೆಣ್ಣೆಂಬುದು ಕಾರಣವಲ್ಲವೆಂದು ನಂಬುವವರು ನಂಬಲಿ. ಆಗಷ್ಟೇ ಆ ಆರ್ಕೆಸ್ಟ್ರಾಕ್ಕೆ ಮೊದಲ ಮಹಿಳೆ ಬಂದಿದ್ದರು. ಆದರೂ ಪರೀಕ್ಷಾ ವರ್ಷಕ್ಕೆ ಸೇರಿಕೊಂಡಿದ್ದ ಮೇಯರ್ 1984ರಲ್ಲಿ ತಾವೇ ಹೊರಬಂದು ಜಗತ್ತಿನಾದ್ಯಂತ ಏಕವ್ಯಕ್ತಿ ವಾದಕಿಯಾಗಿ ಮೆರೆದರು. ಅಂಥ ಪ್ರತಿಭೆಗೆ ಹೊರಗೆ ದಾರಿಯಿರುತ್ತದೆ. ನನ್ನಂಥವನಿಗೆ ಕುರ್ಚಿಯೇ ದಾರಿ.

ಆ ವರ್ಷ ಯಾರೂ ಏನೂ ಹೇಳುವುದಿಲ್ಲ. ಚೆನ್ನಾಗಿತ್ತು ಅನ್ನುವುದಿಲ್ಲ, ಕೆಟ್ಟಿತ್ತು ಅನ್ನುವುದಿಲ್ಲ. ಕ್ಯಾಂಟೀನಿನಲ್ಲಿ ಎದುರು ಕೂತು ಹವೆಯ ಬಗ್ಗೆ ಮಾತಾಡುತ್ತಾರೆ. ಒಬೋದ ಹಿರಿಯರೊಬ್ಬರು ಮಾತ್ರ ಒಂದು ಸಂಜೆ ವಾಗ್ನರ್ ಮುಗಿಸಿ ಹೊರಟಾಗ, “ಇವತ್ತು ನೀನು ಇದ್ದೀಯ ಅಂತಲೇ ಗೊತ್ತಾಗಲಿಲ್ಲ” ಅಂದರು. ಮೈಸೂರಿನಲ್ಲಿ ಯಾರಾದರೂ ಹಾಗಂದರೆ ಜಗಳವಾಗುತ್ತಿತ್ತು. ನಾನು ಮನೆಗೆ ಫೋನ್ ಮಾಡಿ ಸಂತೋಷದಿಂದ ಹೇಳಿದೆ. ಅಮ್ಮನಿಗೆ ಅರ್ಥವಾಗಲಿಲ್ಲ, ಮಾವನಿಗೆ ಆಯಿತು. ಮತ ನನ್ನ ಪರ ಬಂತು. ಇಲ್ಲಿನ ರೂಢಿಯಂತೆ ಗೆದ್ದವನೇ ಎಲ್ಲರಿಗೂ ಕುಡಿಯಲು ಕೊಡಿಸಬೇಕು. ಒಂದು ಆರ್ಕೆಸ್ಟ್ರಾದ ಬಾಯಾರಿಕೆ ಎಷ್ಟೆಂದು ಅಂದು ತಿಳಿಯಿತು.

ಇನ್ನು ದೇಶ ಸುತ್ತುವ ವಿಷಯ. ಆರ್ಕೆಸ್ಟ್ರಾ ಪ್ರವಾಸ ಹೊರಟರೆ ಉಳಿದವರೆಲ್ಲ ಸೂಟ್‌ಕೇಸ್ ತುಂಬುತ್ತಾರೆ, ನಾನು ಕಾಗದ ತುಂಬುತ್ತೇನೆ. ಭಾರತದ ಪಾಸ್‌ಪೋರ್ಟ್‌ಗೆ ಜಪಾನಿಗೆ ಬೇರೆ ವೀಸಾ, ಬ್ರಿಟನ್ನಿಗೆ ಬೇರೆ. ಅಮೆರಿಕಕ್ಕಂತೂ ಕಲಾವಿದರ ಪಿ-1 ವೀಸಾ ಎಲ್ಲರಿಗೂ ಬೇಕು, ಸದ್ಯ ಅಲ್ಲಾದರೂ ಸಮಾನತೆ. ಪಾಸ್‌ಪೋರ್ಟ್ ಒಂದು ದೂತಾವಾಸದಲ್ಲಿ ಕೂತಿರುವಾಗ ಇನ್ನೊಂದು ದೇಶದ ಕಛೇರಿ ಬರುವುದುಂಟು. 2017ರಲ್ಲಿ ಬೀಟೆ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿರ್ಬಂಧದ ಪಟ್ಟಿಗೆ ಸೇರಿದಾಗ ವಾದ್ಯಕ್ಕೂ ಕಾಗದ ಬೇಕೇ ಎಂಬ ಗಾಬರಿ ಶುರುವಾಗಿತ್ತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಕೊಟ್ಟರು. ನನ್ನ ಕ್ಲಾರಿನೆಟ್‌ಗೆ ನನಗಿಂತ ಸುಲಭವಾಗಿ ಗಡಿ ದಾಟಲು ಆಗುತ್ತದೆ ಎಂದು ನಮ್ಮ ಪ್ರವಾಸದ ವ್ಯವಸ್ಥಾಪಕಿ ನಗುತ್ತಾರೆ.

ಟೋಕಿಯೋದ ಸಂಟೋರಿ ಹಾಲ್‌ನಲ್ಲಿ ನುಡಿಸಿದ್ದೇನೆ, 2,006 ಆಸನಗಳಿದ್ದರೂ ಅಲ್ಲಿ ಪಿಸುಮಾತಿನಷ್ಟು ಸಣ್ಣ ನಾದ ಕಡೆಯ ಸಾಲಿಗೆ ಹೋಗುತ್ತದೆ. ಆದರೆ ನನ್ನ ಮಟ್ಟಿಗೆ ದೊಡ್ಡ ಕೆಲಸವೆಂದರೆ ಸಹೋದ್ಯೋಗಿಗಳ ಜೊತೆ ಆಗಾಗ ನುಡಿಸುವ, ಫ್ರೆಂಚ್ ಸಂಯೋಜಕ ಮೆಸ್ಸಿಯಾನ್‌ನ ‘ಕಾಲಾಂತ್ಯದ ಚತುರ್ವಾದ್ಯ’. ಗೊರ್ಲಿಟ್ಸ್‌ನ ಯುದ್ಧಕೈದಿಗಳ ಶಿಬಿರದಲ್ಲಿ 1941ರ ಜನವರಿ 15ರಂದು, ಕೊರೆಯುವ ಚಳಿಯಲ್ಲಿ, ಕೈದಿಗಳೇ ಮೊದಲು ನುಡಿಸಿದ ಕೃತಿ ಅದು. ಮೂರನೇ ಭಾಗದಲ್ಲಿ ಉಳಿದ ಮೂವರೂ ಸುಮ್ಮನೆ ಕೂರುತ್ತಾರೆ, ಕ್ಲಾರಿನೆಟ್ ಒಂದೇ. ಒಂದೇ ಸ್ವರ ಇಲ್ಲವೆನ್ನುವಷ್ಟು ಸಣ್ಣದರಿಂದ ಹುಟ್ಟಿ ಕಿವಿ ಒಡೆಯುವಷ್ಟು ಬೆಳೆಯಬೇಕು, ಅಷ್ಟೂ ಒಂದೇ ಉಸಿರಿನಲ್ಲಿ. ಇದನ್ನು ಮೊದಲು ನುಡಿಸಿದ ಆನ್ರಿ ಅಕೋಕಾ ಆಲ್ಜೀರಿಯಾದಲ್ಲಿ ಹುಟ್ಟಿದ ಯಹೂದಿ. ಇದು ನುಡಿಸಲಾಗದ್ದು ಎಂದು ಮೆಸ್ಸಿಯಾನ್ ಜೊತೆ ಗೊಣಗಾಡಿದನಂತೆ. ಅದೇ ವರ್ಷ ಕೈದಿಗಳ ರೈಲಿನಿಂದ ಕ್ಲಾರಿನೆಟ್ ಕಂಕುಳಲ್ಲಿ ಹಿಡಿದು ಹಾರಿ ತಪ್ಪಿಸಿಕೊಂಡ. ಎರಡನೇ ಕ್ಲಾರಿನೆಟ್‌ನವನಿಗೆ ಇಡೀ ಸಭೆ ತನ್ನೊಬ್ಬನನ್ನೇ ಕೇಳುವ ಅವಕಾಶ ಇಂಥ ಕಡೆ ಮಾತ್ರ. ಮೊದಮೊದಲು ಭಯವಾಗುತ್ತಿತ್ತು. ಈಗ, ನಿಜ ಹೇಳಬೇಕೆಂದರೆ, ಚೈಕೋವ್‌ಸ್ಕಿಯ ಆ ಜೋಡಿ ಸಾಲೇ ಹೆಚ್ಚು ಭಯ.

ಈಚೆಗೆ ಮೈಸೂರಿನ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು, ಬ್ಯಾಂಡಿನವರ ಮನೆಯವಳೇ. ಜರ್ಮನಿಗೆ ಬರಬೇಕಂತೆ, ಸಾಲ ಮಾಡಿ ಓಯ್ಲರ್ ಕ್ಲಾರಿನೆಟ್ ಕೊಳ್ಳಲೇ ಅಂತ ಕೇಳಿದಳು.

“ಈಗಲೇ ಬೇಡಮ್ಮ” ಅಂದೆ. “ಪ್ರವೇಶ ಪರೀಕ್ಷೆಗೆ ನಿನ್ನದರಲ್ಲೇ ನುಡಿಸು. ಆಮೇಲೆ ಇಲ್ಲಿ ಎರವಲು ಕೇಳು. ಆ ದುಡ್ಡಲ್ಲಿ ಮೊದಲು ಜರ್ಮನ್ ಭಾಷೆಯ ಬಿ1 ಮಟ್ಟ ಮುಗಿಸು.”

“ಮೊಜಾರ್ಟ್ ದಿನಾ ಮಾಡ್ತಿದೀನಿ ಅಂಕಲ್.”

“ಮಾಡು. ಜೊತೆಗೆ ಯಾರಾದರೂ ಒಬ್ಬರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಅವರ ಕೆಳಗಿನ ಸಾಲು ನುಡಿಸು.”

“ಮನೇಲಿ ಅಜ್ಜ ಇದ್ದಾರೆ, ಆದರೆ ಅವರು ಬರೀ ಕೀರ್ತನೆ ನುಡಿಸ್ತಾರೆ.”

“ಕೀರ್ತನೆಯೇ ಸಾಕು” ಅಂದೆ. ಯಾವ ನಂಬರಿನ ರೀಡ್ ಬಳಸುತ್ತಾಳೆಂದು ಕೇಳಿ ಬರೆದಿಟ್ಟುಕೊಂಡಿದ್ದೇನೆ. ದಸರೆಗೆ ಬರುವಾಗ ಎರಡು ಪೆಟ್ಟಿಗೆ ತರಬೇಕು.